ಚಿತ್ರಕಥೆಯ ವೀರಬಾಲೆ

ಹೆಣ್ಣುಮಕ್ಕಳು ಓದತಕ್ಕ ಪುಸ್ತಕಗಳು ಯಾವುವೆಂಬ ಚರ್ಚೆಯಲ್ಲಿ ಅಮೆರಿಕಾ ದೇಶದ ಅತಿಮಾನುಷ ವೀರರ ಚಿತ್ರಕಥೆಗಳಿಗೆ ಸ್ಥಾನವೇ ಇಲ್ಲವೆಂದು ಹಿರಿಯರಲ್ಲಿ ಅನೇಕರು ಎಣಿಸುತ್ತಾರೆ. ನಾವಾದರೋ ಈ ಕಾಮಿಕ್ ಪುಸ್ತಕಗಳ ಅಭಿಮಾನಿಗಳು; ಆದುದರಿಂದ ನಮ್ಮ ಮಾತಿನಲ್ಲಿ ಕೊಂಚ ಪಕ್ಷಪಾತವಿದ್ದರೆ ಆಶ್ಚರ್ಯವಿಲ್ಲ. ಆದರೂ ಪ್ರೀತಿಯುಳ್ಳವರಿಗೆ ಗದರಿಸುವ ಅಧಿಕಾರವೂ ಉಂಟಷ್ಟೆ. ಆ ಅಧಿಕಾರದಿಂದಲೇ ಈಚಿನ ಕೆಲವು ಸಂಚಿಕೆಗಳ ವಿಷಯವಾಗಿ ನಮ್ಮ ಅಭಿಪ್ರಾಯವನ್ನು ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದಿಡುತ್ತೇವೆ.

2014ನೆಯ ಇಸವಿಯಲ್ಲಿ ಮಾರ್ವೆಲ್ ಪ್ರಕಾಶಕರು ‘ಮಿಸ್ ಮಾರ್ವೆಲ್’ ಎಂಬ ಮಾಲಿಕೆಯನ್ನು ಹೊಸದಾಗಿ ಆರಂಭಿಸಿದರು. ಕಥೆಯನ್ನು ಬರೆದವರು ಜಿ. ವಿಲ್ಲೋ ವಿಲ್ಸನ್ ಎಂಬ ಲೇಖಕಿ. ಚಿತ್ರಗಳನ್ನು ರಚಿಸಿದವರು ಏಡ್ರಿಯನ್ ಅಲ್ಫೋನಾ. ಸಂಪಾದಕಿಯಾದ ಸನಾ ಅಮಾನತ್ ಈ ಪಾತ್ರದ ಹುಟ್ಟಿಗೆ ಕಾರಣರಾದವರಲ್ಲಿ ಒಬ್ಬರು. ಕಥಾನಾಯಿಕೆಯಾದ ಕಮಲಾ ಖಾನ್ ಜರ್ಸಿ ಸಿಟಿಯ ಹೈಸ್ಕೂಲಿನಲ್ಲಿ ಓದುವ 16 ವರ್ಷದ ಮುಸಲ್ಮಾನ ಹುಡುಗಿ. ಅವಳ ಪೂರ್ವಿಕರು 1947ರ ದೇಶವಿಭಜನೆಯ ಕಾಲದಲ್ಲಿ ಬೊಂಬಾಯಿಯನ್ನು ತೊರೆದು ಕರಾಚಿಗೆ ಹೋದವರೆಂದು ಮುಂದಿನ ಸಂಚಿಕೆಯೊಂದು ತಿಳಿಸುತ್ತದೆ.

ದೇಹವನ್ನು ಹಿಗ್ಗಿಸುವ, ಕುಗ್ಗಿಸುವ ಮತ್ತು ರೂಪವನ್ನು ಬದಲಿಸುವ ಶಕ್ತಿಯು ಈ ಹುಡುಗಿಗೆ ಒದಗಿದಾಗ ಅವಳು ಮೊಟ್ಟಮೊದಲು ತಾಳಿದ ರೂಪವು ತನ್ನದಲ್ಲ. ತಾನು ಆರಾಧಿಸುತ್ತಿದ್ದ ಕೆರೊಲ್ ಡ್ಯಾನ್ವರ್ಸ್ ಎಂಬ ವೀರನಾರಿಯ ಹೊಂಗೂದಲಿನ ಬಿಳಿಯ ರೂಪ. ತನ್ನನ್ನು ಹೀಯಾಳಿಸಿದ ಸಹಪಾಠಿಯು ನೀರಿನಲ್ಲಿ ಮುಳುಗುತ್ತಿದ್ದಾಗ ಅವಳನ್ನು ಎತ್ತಿದ್ದೂ ಆ ಎರವಿನ ರೂಪದಲ್ಲಿಯೇ. ಆ ಮೇಲೆ, ಪರರ ಚೆಲುವು ತನಗೆ ಹೊಂದತಕ್ಕದ್ದಲ್ಲವೆಂದು ಅರಿತು, ತನ್ನ ಈಜುಡುಪನ್ನೇ ತಿದ್ದಿ ವೀರವೇಷವನ್ನು ಮಾಡಿಕೊಂಡು, ಸ್ವಂತ ರೂಪದಲ್ಲಿಯೇ ಲೋಕದೆದುರು ನಿಂತಳು. ಮಾಲಿಕೆಯ ಮೊದಲನೆಯ ಸಂಪುಟಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ದೊರೆಯಿತು. ಕನ್ನಡಿಯ ಮುಂದೆ ನಿಂತು ತನ್ನ ಬಣ್ಣವನ್ನೂ ತನ್ನ ಹೆಸರನ್ನೂ ಹಳಿದುಕೊಳ್ಳುವ ಹುಡುಗಿಯರು ಯಾವ ದೇಶದಲ್ಲಿಲ್ಲ? ಅವರಿಗೆ ಈ ಕಥೆಯು ಗೆಳತಿಯಂತೆ ಬಂದಿತು.

ಇಂಥ ಬಾಲೆಯನ್ನು 2023ನೆಯ ಇಸವಿಯ ಮೇ ತಿಂಗಳ ಕೊನೆಯಲ್ಲಿ ಪ್ರಕಾಶಕರು ಕೊಂದರು. ಕೊಂದದ್ದಾದರೂ ಅವಳ ಪುಸ್ತಕದಲ್ಲಲ್ಲ. ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಮಾಲಿಕೆಯ 26ನೆಯ ಸಂಚಿಕೆಯಲ್ಲಿ. ಅಲ್ಲಿ ಅವಳು ಉಪಪಾತ್ರವಷ್ಟೆ. ಸ್ಪೈಡರ್‌ಮ್ಯಾನನ ಪ್ರಿಯೆಯಾಗಿದ್ದ ಮೇರಿ ಜೇನಳ ರೂಪವನ್ನು ತಾಳಿ, ಅವಳಿಗೆ ಬೀಳಬೇಕಾಗಿದ್ದ ಪೆಟ್ಟಿಗೆ ತಾನು ಎದೆಯೊಡ್ಡಿ ಮಡಿದಳು. ಪರರ ರೂಪವನ್ನು ಕಳಚಿ ತನ್ನ ರೂಪವನ್ನು ಪಡೆದುದೇ ಯಾವಳ ಕಥೆಯ ಸಾರವಾಗಿತ್ತೋ, ಅವಳಿಗೆ ಮರಣವನ್ನು ಪರರ ರೂಪದಲ್ಲಿ ವಿಧಿಸಿದರು. ಇದನ್ನು ಬರೆದವರಿಗೆ ಅವಳ ಮೊದಲನೆಯ ಪಾಠವೇ ಮರೆತುಹೋಗಿತ್ತೆಂದು ತೋರುತ್ತದೆ.

ಪರರಿಗಾಗಿ ಪ್ರಾಣವನ್ನು ಕೊಡುವುದು ಶ್ರೇಷ್ಠವಲ್ಲವೇ ಎಂದು ಕೆಲವರು ಕೇಳಬಹುದು. ಶ್ರೇಷ್ಠವೇ ಸರಿ, ಸತ್ಯವೇದವನ್ನು ಓದಿ ಬೆಳೆದ ಈ ಶಾಲೆಯವರಿಗೆ ಅದನ್ನು ಬೇರೆ ಹೇಳತಕ್ಕದ್ದಿಲ್ಲ. ಆದರೆ ತ್ಯಾಗವು ತ್ಯಾಗವೆನ್ನಿಸಬೇಕಾದರೆ ಕೊಟ್ಟವಳು ಯಾರು, ಅವಳು ಕಳೆದುಕೊಂಡದ್ದೇನು ಎಂಬುದು ಓದುವವರಿಗೆ ಕಾಣಬೇಕು. ಅವಳ ಮರಣವು ಮತ್ತೊಬ್ಬ ವೀರನ ಕಣ್ಣೀರಿಗೆ ಕಾರಣವಾಗುವುದಕ್ಕೆ ಮಾತ್ರ ಬಳಕೆಯಾದರೆ ಅದು ತ್ಯಾಗವಲ್ಲ, ಉಪಕರಣ. ಇದು ಹಳೆಯ ರೋಗ. ಇದೇ ಸ್ಪೈಡರ್‌ಮ್ಯಾನನ ಪುಸ್ತಕದಲ್ಲಿ 1973ರಲ್ಲಿ ಗ್ವೆನ್ ಸ್ಟೇಸಿ ಎಂಬ ಯುವತಿಯು ಸತ್ತಳು. ಪುರುಷನ ಕಥೆಯನ್ನು ಮುಂದೂಡಲು ಸತ್ತ, ನೊಂದ ಸ್ತ್ರೀಪಾತ್ರಗಳ ಪಟ್ಟಿಯೊಂದನ್ನು ಗೇಲ್ ಸಿಮೋನ್ 1999ರಲ್ಲಿ ಮಾಡಿ ಲೋಕದ ಮುಂದಿಟ್ಟರು. ಪಟ್ಟಿ ಬಂದು 24 ವರ್ಷಗಳಾದ ಮೇಲೂ ಅದಕ್ಕೆ ಹೊಸ ಹೆಸರು ಸೇರಿದುದು ನಮಗೆ ವ್ಯಸನಕರವಾಗಿದೆ.

ಬೇರೆ ರೀತಿಯಲ್ಲಿ ಬರೆಯಲು ಸಾಧ್ಯವೇ? ಸಾಧ್ಯ. 1941ರಲ್ಲಿ ಹುಟ್ಟಿದ ವಂಡರ್ ವುಮನ್ ಎಂಬ ವೀರನಾರಿಯ ಕಥೆಯನ್ನು ಡಿ.ಸಿ. ಪ್ರಕಾಶಕರು 2024ನೆಯ ಇಸವಿಯ ಅಕ್ಟೋಬರಿನಿಂದ ‘ಅಬ್ಸೊಲ್ಯೂಟ್ ವಂಡರ್ ವುಮನ್’ ಎಂಬ ಹೆಸರಿನಲ್ಲಿ ಹೊಸದಾಗಿ ಹೇಳಿಸಿದ್ದಾರೆ. ಬರೆಯುವವರು ಕೆಲ್ಲಿ ಥಾಂಪ್ಸನ್. ಚಿತ್ರಕಾರರು ಹೇಡನ್ ಶೆರ್ಮನ್. ಇಲ್ಲಿ ನಾಯಿಕೆ ಡಯಾನಾ ತನ್ನ ಜನರಿಂದ ಅಗಲಿ, ನರಕದಲ್ಲಿ, ಸರ್ಸಿ ಎಂಬ ಮಾಟಗಾತಿಯ ಮಡಿಲಲ್ಲಿ ಬೆಳೆಯುತ್ತಾಳೆ. ಅಲ್ಲಿ ಸಿಕ್ಕಿಬಿದ್ದ ಸ್ಟೀವ್ ಟ್ರೆವರನನ್ನು ಭೂಲೋಕಕ್ಕೆ ಕಳುಹಿಸಲು ತನ್ನ ತೋಳನ್ನೇ ಬಲಿಗೊಡುತ್ತಾಳೆ. ಇದೂ ತ್ಯಾಗವೇ. ಆದರೆ ಅದು ಅವಳ ಪುಸ್ತಕದಲ್ಲಿ, ಅವಳ ರೂಪದಲ್ಲಿ, ಅವಳ ನಿಶ್ಚಯದಿಂದ ನಡೆದುದು. ಆ ಮೇಲೆ ಅವಳು ಆ ನಷ್ಟದೊಡನೆ ಬಾಳುತ್ತಾಳೆ. ನರಕದಲ್ಲಿ ಬೆಳೆದವಳು ದಯೆಯನ್ನು ಉಳಿಸಿಕೊಂಡದ್ದೇ ಅಲ್ಲಿಯ ಅದ್ಭುತ.

ಕಮಲಾ ಖಾನಳನ್ನಾದರೋ 2023ರ ಜುಲೈ ಮುಗಿಯುವುದರೊಳಗೆ ಎಕ್ಸ್‌ಮೆನ್ ತಂಡದ ಪುಸ್ತಕವೊಂದರಲ್ಲಿ ಮತ್ತೆ ಎಬ್ಬಿಸಿದರು. ಎರಡು ತಿಂಗಳ ಸಾವು! ಅಳಲು ಕುಳಿತ ಓದುಗರ ಕಣ್ಣೀರು ಒಣಗುವ ಮೊದಲೇ ಬಂದ ಈ ಪುನರುತ್ಥಾನವು ಸಾವನ್ನೂ ಅಗ್ಗಮಾಡಿತು, ಬದುಕನ್ನೂ ಅಗ್ಗಮಾಡಿತು. ಆಗಸ್ಟಿನಲ್ಲಿ ಆರಂಭವಾದ ‘ದಿ ನ್ಯೂ ಮ್ಯುಟೆಂಟ್’ ಎಂಬ ನಾಲ್ಕು ಸಂಚಿಕೆಗಳ ಕಥೆಯು ಮಾತ್ರ ಸ್ವಲ್ಪ ಸಮಾಧಾನವನ್ನು ತಂದಿತು. ಅದನ್ನು ಸಬೀರ್ ಪೀರ್‌ಜಾದಾರೊಡನೆ ಕೂಡಿ ಬರೆದವರು, 2022ರ ದೃಶ್ಯಮಾಲಿಕೆಯಲ್ಲಿ ಕಮಲಾ ಪಾತ್ರವನ್ನು ಧರಿಸಿದ ಇಮಾನ್ ವೆಲ್ಲಾನಿ. ಕರಾಚಿಯಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ತರುಣಿ. ಅಲ್ಲಿ ಕಮಲೆಗೆ ದುಃಸ್ವಪ್ನಗಳು ಬೀಳುತ್ತವೆ. ಸಾವಿನಿಂದ ಮರಳಿದವಳಿಗೆ ಭಯವುಂಟೆಂದು ಒಪ್ಪಿದ ಆ ಪುಟಗಳು ನಮಗೆ ಮೆಚ್ಚಿಕೆಯಾದವು.

ತಾಯಿತಂದೆಗಳೇ, ನಿಮ್ಮ ಮಗಳ ಕೈಯಲ್ಲಿ ಇಂಥ ಪುಸ್ತಕವನ್ನು ಕಂಡರೆ ಕಸಿದುಕೊಳ್ಳಬೇಡಿರಿ. ಪಕ್ಕದಲ್ಲಿ ಕುಳಿತು ಓದಿರಿ. ‘ಈ ಕಥೆಯಲ್ಲಿ ಈ ಹುಡುಗಿಯು ಯಾರಿಗಾಗಿ ಇದ್ದಾಳೆ? ತನಗಾಗಿ ಒಂದು ಪುಟವಾದರೂ ಅವಳಿಗಿದೆಯೇ?’ ಎಂದು ಅವಳನ್ನೇ ಕೇಳಿರಿ. ಸೇವೆಯನ್ನೂ ತ್ಯಾಗವನ್ನೂ ಹೆಣ್ಣುಮಕ್ಕಳಿಗೆ ಕಲಿಸುವುದು ನಮ್ಮ ಶಾಲೆಗಳ ಹೆಮ್ಮೆ. ಆದರೆ ಕೊಡುವವಳಿಗೆ ಮೊದಲು ತನ್ನದೆಂಬ ಹೆಸರೂ ಮುಖವೂ ಇರಬೇಕು. ಅದಿಲ್ಲದೆ ಕೊಟ್ಟದ್ದು ಕಾಣಿಕೆಯಾಗಲಾರದೆಂಬುದೇ ನಮ್ಮ ಅಭಿಪ್ರಾಯ.