ಅಂತರಜಾಲದ ಬಾಗಿಲಿಗೆ ಪರಭಾಷೆಯ ಬೀಗ

ಕರಡು ಕಾನೂನನ್ನು ಅಂತರಜಾಲದಲ್ಲಿ ಪ್ರಕಟಿಸಿದೊಡನೆ ಪ್ರಜೆಗಳ ಅಭಿಪ್ರಾಯ ಕೇಳಿದಂತಾಯಿತೆಂದು ಸರ್ಕಾರ ನಂಬಿದೆ. ಕೇಂದ್ರದ ಅಧಿಕಾರಿಯಾಗಿದ್ದೂ ನಾನಿದನ್ನು ಒಪ್ಪಲಾರೆ. ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂಬ ನೀತಿ 2014ರದು. ಓದಲಾಗದ ಭಾಷೆಯಲ್ಲಿ 30 ದಿನವೂ ಒಂದೇ, 300 ದಿನವೂ ಒಂದೇ!

2020ರ ಪರಿಸರ ಪರಿಣಾಮ ಮೌಲ್ಯಮಾಪನದ ಕರಡು ಅಧಿಸೂಚನೆ ಇಂಗ್ಲಿಷ್, ಹಿಂದಿಗಳಲ್ಲಷ್ಟೇ ಹೊರಬಂದಿತು. ಅದನ್ನು ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿಯೂ ಒದಗಿಸಬೇಕೆಂದು ಆ ವರ್ಷದ ಜೂನ್ 30ರಂದು ದೆಹಲಿ ಉಚ್ಚ ನ್ಯಾಯಾಲಯವೇ ಆದೇಶಿಸಬೇಕಾಯಿತು. ಪಾಲಿಸಬೇಕಾದ ಸರ್ಕಾರ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

ಸಂವಿಧಾನದ 350ನೆಯ ವಿಧಿಯಂತೆ ನಮ್ಮ ಅಹವಾಲನ್ನು ಕೇಂದ್ರಕ್ಕೆ ಕನ್ನಡದಲ್ಲೇ ಸಲ್ಲಿಸಬಹುದು. ಕನ್ನಡದಲ್ಲಿ ಹೇಳುವ ಹಕ್ಕು ನಮಗಿರುವಾಗ ಕನ್ನಡದಲ್ಲಿ ಕೇಳುವ ಹೊಣೆ ಸರ್ಕಾರಕ್ಕಿಲ್ಲವೇ? ಹೊರನಾಡಿನಲ್ಲಿದ್ದರೂ ಕೇಂದ್ರದ ಕಾನೂನು ನಮ್ಮನ್ನು ಬಿಡದು. ನಮ್ಮ ಸಂಘಗಳ ಭಾಷಾಭಿಮಾನ ರಾಜ್ಯೋತ್ಸವದ ವೇದಿಕೆಯಿಂದಿಳಿದು ಈ ಕರಡುಗಳತ್ತ ನಡೆಯಲಿ. ಆಕ್ಷೇಪಣೆಗಳು ಕನ್ನಡದಲ್ಲೇ ಹೋಗಲಿ.