ಕಥೆಗಾರನ ಹೊಣೆ ಮತ್ತು ಒಂದು ಮೀನು

ಕಲ್ಪನೆಯಲ್ಲಿ ಸೃಷ್ಟಿಸಿದ್ದಕ್ಕೆ ಲೇಖಕನು ಲೋಕಕ್ಕೆ ಉತ್ತರ ಕೊಡಬೇಕಾಗಿಲ್ಲವೆಂದು ನಾನು ಬಹುಕಾಲ ನಂಬಿದ್ದೆ. ವಿದ್ಯಾರ್ಥಿಗಳಿಗೂ ಹಾಗೆಯೇ ಬೋಧಿಸಿದ್ದೆ. ಈ ನಂಬಿಕೆಯನ್ನು ಅಲುಗಿಸಿದ್ದು ಒಂದು ಮೀನು ಎಂದರೆ ವಾಚಕರು ನಕ್ಕಾರು.

1974ರಲ್ಲಿ ಅಮೆರಿಕದ ಪೀಟರ್ ಬೆಂಚ್ಲಿಯವರು ‘ಜಾಸ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಮರುವರ್ಷ ಸ್ಟೀವನ್ ಸ್ಪೀಲ್‌ಬರ್ಗ್ ಅವರು ಅದನ್ನು ಚಲನಚಿತ್ರವಾಗಿಸಿದರು. ಕಡಲತಡಿಯ ಊರೊಂದರಲ್ಲಿ ಈಜಲು ಇಳಿದವರನ್ನು ಕೊಲ್ಲುವ ದೊಡ್ಡ ಬಿಳಿ ಶಾರ್ಕ್ ಅದರ ಖಳನಾಯಕ. ಕಡಲಿನ ಮುಖವನ್ನೇ ಕಾಣದವರ ಎದೆಯಲ್ಲಿಯೂ ಆ ಮೀನು ರಾಕ್ಷಸನಾಗಿ ನೆಲೆಸಿತು. ಅದನ್ನು ಕೊಲ್ಲುವುದು ಅನೇಕರಿಗೆ ಪರಾಕ್ರಮವೆನಿಸಿತು.

ನಿಜವಾದ ಪ್ರಾಣಿಯ ವೃತ್ತಾಂತವೇ ಬೇರೆ. ಬಹುಪಾಲು ಮೀನುಗಳ ಮೈ ನೀರಿನಷ್ಟೇ ತಣ್ಣಗಿರುತ್ತದೆ. ಇದಕ್ಕಾದರೋ ಸೂಕ್ಷ್ಮ ರಕ್ತನಾಳಗಳ ಜಾಲವೊಂದಿದ್ದು, ಸ್ನಾಯುಗಳಲ್ಲಿ ಹುಟ್ಟಿದ ಶಾಖವನ್ನು ಹೊರಗೆ ಸೋರದಂತೆ ಹಿಡಿದಿಡುತ್ತದೆ. ಆದುದರಿಂದಲೇ ತಣ್ಣನೆಯ ಕಡಲಿನಲ್ಲಿಯೂ ಇದು ವೇಗವಾಗಿ ಬೇಟೆಯಾಡಬಲ್ಲುದು. ಮೂತಿಯ ಮೇಲಿನ ಸಣ್ಣ ರಂಧ್ರಗಳು ಬೇಟೆಯ ಮೈಯಿಂದ ಹೊಮ್ಮುವ ಅತಿ ಕ್ಷೀಣವಾದ ವಿದ್ಯುತ್ತನ್ನು ಗ್ರಹಿಸುತ್ತವೆ. 2003ರಲ್ಲಿ ದಕ್ಷಿಣ ಆಫ್ರಿಕದ ತೀರದಲ್ಲಿ ವಿಜ್ಞಾನಿಗಳು ಗುರುತಿನ ಉಪಕರಣ ತೊಡಿಸಿ ಬಿಟ್ಟ ನಿಕೋಲ್ ಎಂಬ ಹೆಣ್ಣು ಶಾರ್ಕ್, ಆಸ್ಟ್ರೇಲಿಯದವರೆಗೆ ಈಜಿ ಒಂಬತ್ತು ತಿಂಗಳೊಳಗೆ ದಕ್ಷಿಣ ಆಫ್ರಿಕಕ್ಕೆ ಮರಳಿತು. ಕ್ರಮಿಸಿದ ದಾರಿ 20,000 ಕಿಲೋಮೀಟರಿಗೂ ಮಿಗಿಲು.

ಇವೆಲ್ಲಕ್ಕಿಂತ ನನ್ನನ್ನು ತಟ್ಟಿದ ಸಂಗತಿ ಮತ್ತೊಂದು. ಎಪ್ಪತ್ತು ವರ್ಷ ಬಾಳಬಲ್ಲ ಈ ಮೀನಿನ ಹೆಣ್ಣು ತಾಯಾಗುವ ವಯಸ್ಸಿಗೆ ಬರಲು ಸುಮಾರು 33 ವರ್ಷ ಬೇಕೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಈಯುವುದೂ ಕೆಲವೇ ಮರಿಗಳನ್ನು. ಮೀನೆಂದರೆ ಲಕ್ಷಾಂತರ ಮೊಟ್ಟೆ ಎಂಬ ನಮ್ಮ ಲೆಕ್ಕ ಇಲ್ಲಿ ನಡೆಯದು. ಕೊಂದ ಒಂದು ಹೆಣ್ಣಿನ ಸ್ಥಾನವನ್ನು ತುಂಬಲು ಕಡಲಿಗೆ ಒಂದು ತಲೆಮಾರೇ ಬೇಕು.

ಶಾರ್ಕುಗಳ ಕ್ಷಯಕ್ಕೆ ಕಥೆಯೊಂದೇ ಕಾರಣವಲ್ಲ. ಬಲೆಗಳೂ ವ್ಯಾಪಾರವೂ ದೊಡ್ಡ ಕಾರಣಗಳು. ಆದರೆ ರಾಕ್ಷಸನೆನಿಸಿಕೊಂಡದ್ದು ಸತ್ತರೆ ಕೇಳುವವರು ಯಾರು? ಅದು ಮನುಷ್ಯರನ್ನು ಕೊಲ್ಲುವುದಿಲ್ಲವೆ ಎಂದು ಕೇಳಬಹುದು. ಕೊಲ್ಲುವುದುಂಟು, ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಅಂಕಿಗಳನ್ನು ಹಿಡಿಯುವ ಧೈರ್ಯ ನನಗಿಲ್ಲ. ಆದರೂ ಎಲ್ಲ ಜಾತಿಯ ಶಾರ್ಕುಗಳೂ ಸೇರಿ, ತಮ್ಮನ್ನು ಕೆಣಕದ ಮನುಷ್ಯರನ್ನು ಕೊಲ್ಲುವುದು ಇಡೀ ಪ್ರಪಂಚದಲ್ಲಿ ವರ್ಷಕ್ಕೆ ಸಾಮಾನ್ಯವಾಗಿ ಹತ್ತರ ಆಸುಪಾಸು ಅಥವಾ ಅದಕ್ಕೂ ಕಡಿಮೆ ಎಂಬುದು ಸತ್ಯ.

ಬೆಂಚ್ಲಿಯವರು ಬರೆದಾಗ ಈ ತಿಳಿವಳಿಕೆಯ ಬಹುಭಾಗ ವಿಜ್ಞಾನಿಗಳಿಗೇ ಇರಲಿಲ್ಲ. ಆದುದರಿಂದ ಅವರನ್ನು ನಿಂದಿಸಲು ನನಗೆ ಮನಸ್ಸಿಲ್ಲ. ತಿಳಿದ ಮೇಲೆ ಅವರು ‘ಅದು ಬರಿಯ ಕಥೆ’ ಎಂದು ಕೈತೊಳೆದುಕೊಳ್ಳಲಿಲ್ಲ. ಇನ್ನು ಅಂಥ ಪುಸ್ತಕವನ್ನು ಬರೆಯಲಾರೆನೆಂದು ಒಪ್ಪಿಕೊಂಡರು. 2006ರಲ್ಲಿ ತೀರಿಕೊಳ್ಳುವವರೆಗೂ ಶಾರ್ಕುಗಳ ರಕ್ಷಣೆಗಾಗಿ ಬರೆದರು, ಮಾತನಾಡಿದರು. ಅಷ್ಟರಲ್ಲಿ, 1991ರಲ್ಲಿಯೇ, ದಕ್ಷಿಣ ಆಫ್ರಿಕ ಈ ಮೀನಿಗೆ ಕಾನೂನಿನ ರಕ್ಷಣೆ ಕೊಟ್ಟಿತ್ತು.

ಭಯಾನಕ ರಸವನ್ನು ಸಾಹಿತ್ಯದಿಂದ ಹೊರಹಾಕಬೇಕೆಂದು ನಾನು ಹೇಳಲಾರೆ. ಆದರೆ ಮಾತುಬಾರದ ಜೀವಿಯನ್ನು ಖಳನನ್ನಾಗಿ ನಿಲ್ಲಿಸುವ ಲೇಖಕನು, ಅದು ಎದ್ದುನಿಂತು ಉತ್ತರ ಕೊಡಲಾರದೆಂಬುದನ್ನು ಮರೆಯಬಾರದು. ಈಗ ತರಗತಿಯಲ್ಲಿ ನಾನು ಹೇಳುವುದಿಷ್ಟೆ: ರಾಕ್ಷಸರನ್ನು ಧಾರಾಳವಾಗಿ ಕಲ್ಪಿಸಿಕೊಳ್ಳಿ, ಬದುಕಿರುವ ಪ್ರಾಣಿಯ ಹೆಸರನ್ನು ಅವರಿಗೆ ಇಡುವ ಮೊದಲು ಮಾತ್ರ ಆ ಪ್ರಾಣಿಯನ್ನು ಅರಿತುಕೊಳ್ಳಿ.