ಕೇಳಲಿಲ್ಲವಂತೆ, ಆದ್ದರಿಂದ ಕೊಡಲಿಲ್ಲವಂತೆ!

ಗಿರಣಿಯ ಬಾಗಿಲಲ್ಲಿ ಗಲಾಟೆಯಾಯಿತೆಂದು ಮಾಲೀಕ ಫಿರ್ಯಾದು ಕೊಟ್ಟರೆ ಸಾಕು, ಮೊಕದ್ದಮೆ ನಡೆಸಲು ಸರ್ಕಾರಿ ವಕೀಲರಿದ್ದಾರೆ. ಅವರ ಸಂಬಳ ನಮ್ಮ ತೆರಿಗೆಯದು. ಆರೋಪಿಯಾದ ಕಾರ್ಮಿಕನಿಗೆ ಯಾರಿದ್ದಾರೆ? ಠಾಣೆಯೆದುರು ಚಹದಂಗಡಿಯಲ್ಲಿ ಕುಳಿತ ದಲ್ಲಾಳಿ! "ಸಾಹೇಬರು ನನಗೆ ಬೇಕಾದವರು, ರಾತ್ರಿಯೇ ಬಿಡಿಸುತ್ತೇನೆ" ಎನ್ನುವ ಈ ಮಹಾಶಯನ ಪಾಲಿಗೆ ಹೆಂಡತಿಯ ಓಲೆ ಹೋಗುತ್ತದೆ. ಬೆಳಗಾದರೆ ಆರೋಪಿ ಮ್ಯಾಜಿಸ್ಟ್ರೇಟರ ಮುಂದೆ ಒಂಟಿ. ಕಳವಿನ ಮಾಲು ಕೊಂಡನೆಂದು ಹಿಡಿದೊಯ್ದ ಚಿಲ್ಲರೆ ವ್ಯಾಪಾರಿಯ ಪಾಡೂ ಇದೇ.

ಬಂಧಿತನು ತನಗೆ ಬೇಕಾದ ವಕೀಲರ ಸಲಹೆ ಪಡೆಯಬಹುದೆಂದು ಸಂವಿಧಾನದ 22ನೆಯ ವಿಧಿ 1950ರಲ್ಲಿಯೇ ಹೇಳಿತು. ಫೀಜು ಯಾರು ಕೊಡಬೇಕೆಂದು ಹೇಳಲಿಲ್ಲ! ಪುಕ್ಕಟೆ ಕಾನೂನು ನೆರವಿನ 39-ಎ ವಿಧಿ ಸೇರಿದ್ದು 1976ರಲ್ಲಿ, ಅದಕ್ಕೊಂದು ಕಾಯಿದೆಯಾದದ್ದು 1987ರಲ್ಲಿ, ಆ ಕಾಯಿದೆ ಜಾರಿಗೆ ಬಂದದ್ದು 1995ರ ನವೆಂಬರಿನಲ್ಲಿ. ಉಳ್ಳವರಿಗೆ ಬೇಕಾದ ಕಾಯಿದೆಗಳು ಹೀಗೆ ತೆವಳುವುದಿಲ್ಲ.

ಬಿಹಾರದ ಭಾಗಲ್ಪುರದಲ್ಲಿ 1979-80ರಲ್ಲಿ ಪೋಲೀಸರು ಆರೋಪಿಗಳ ಕಣ್ಣಿಗೆ ಸೂಜಿ ಚುಚ್ಚಿ ಆಸಿಡ್ ಹಾಕಿದರು. ಆ ಕುರುಡರಿಗೆ ವಕೀಲರನ್ನು ಏಕೆ ಕೊಡಲಿಲ್ಲ? ಅವರು ಕೇಳಲಿಲ್ಲವಂತೆ! ಕಣ್ಣು ಕಳೆದುಕೊಂಡವನು ಅರ್ಜಿ ಬರೆಯಬೇಕಿತ್ತೇ? 1980ರಲ್ಲಿ ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿತು: ಬಡ ಆರೋಪಿಯನ್ನು ಮೊದಲ ಸಲ ಮ್ಯಾಜಿಸ್ಟ್ರೇಟರ ಮುಂದೆ ತಂದಾಗಿನಿಂದಲೇ ಸರ್ಕಾರ ವಕೀಲರನ್ನು ಒದಗಿಸಬೇಕು, ಈ ಹಕ್ಕನ್ನು ಮ್ಯಾಜಿಸ್ಟ್ರೇಟರೇ ಅವನಿಗೆ ತಿಳಿಸಬೇಕು, ಹಣವಿಲ್ಲವೆಂಬ ನೆಪ ಸಲ್ಲದು.

ಕಾರ್ಮಿಕ ಬಂಧುಗಳೇ, ಆ 1987ರ ಕಾಯಿದೆಯ 12ನೆಯ ಸೆಕ್ಷನ್ ನಿಮ್ಮನ್ನು ಹೆಸರಿಟ್ಟೇ ಕರೆದಿದೆ. ಕೈಗಾರಿಕಾ ಕಾರ್ಮಿಕರು, ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು, ಬಂಧನದಲ್ಲಿರುವವರು: ಇವರ ವರಮಾನ ಎಷ್ಟೆಂದು ಕೇಳುವಂತಿಲ್ಲ. ವ್ಯಾಪಾರಿಗೆ ಹೊರಗಿರುವಾಗ ವರಮಾನದ ಮಿತಿಯುಂಟು, ಲಾಕಪ್ಪು ಸೇರಿದ ಮೇಲೆ ಅದೂ ಇಲ್ಲ. (ಸರ್ಕಾರದ ಉದಾರತೆ ನೋಡಿ!) ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು, ಟೆಲಿಫೋನು 15100. ಅಲ್ಲಿಂದ ನೇಮಕವಾದ ವಕೀಲರು ನಿಮ್ಮಿಂದ ಕಾಸು ಕೇಳುವಂತಿಲ್ಲ. ಕೇಳಿದರೆ ಅಲ್ಲಿಯೇ ದೂರು ಕೊಡಿ. ಠಾಣೆಯ ವಿಚಾರಣೆಯ ನಡುವೆಯೂ ವಕೀಲರನ್ನು ಕಾಣುವ ಹಕ್ಕಿದೆ. ಅವರು ಬರುವ ತನಕ ಬರಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ.

ಪುಕ್ಕಟೆ ವಕೀಲರು ಮೈಬಗ್ಗಿಸಿ ದುಡಿಯುವುದಿಲ್ಲವೆಂಬ ಗೊಣಗಾಟವಿದೆ. ಕೆಲವರ ಮಟ್ಟಿಗೆ ನಿಜವಿರಬಹುದು. ಅದಕ್ಕೆ ಮದ್ದು ದಲ್ಲಾಳಿಯೇ? ಯೂನಿಯನ್ನಿನ ಇಬ್ಬರು ಪ್ರತಿ ವಾಯಿದೆಗೂ ನ್ಯಾಯಾಲಯಕ್ಕೆ ಹೋಗಿ ಕುಳಿತುಕೊಳ್ಳಲಿ. ವಕೀಲರು ಬಾರದಿದ್ದರೆ ಬೇರೊಬ್ಬರನ್ನು ಕೊಡಿರೆಂದು ಅಂದೇ ಅರ್ಜಿ ಹಾಕಿಸಲಿ. ಯೂನಿಯನ್ ಕಚೇರಿಯ ಕರಿಹಲಗೆಯ ಮೇಲೆ ಆ ಟೆಲಿಫೋನ್ ನಂಬರನ್ನು ನಾಳೆ ಮೊದಲ ಪಾಳಿಗೆ ಮುಂಚೆಯೇ ಬರೆಯಿರಿ.